ಮುಳ್ಳಮ್ಮ ಹೋಗಿ ಬಂದದ್ದು

“ಕಪ್ಪೆ ಮೇಷ್ಟ್ರ ಕೊಡೆ ಕಪ್ಪಗಿತ್ತು. ಇವರು ಕೆಂಪು ಮಾಡಿದ್ದಾರೆ. ಅದೇನು ಇವರಪ್ಪನ ಮನೆ ಕೊಡೆಯೇ?”

ಗಟ್ಟಿಯಾಗಿ ಓದಿ ಚೀಟಕ್ಕ ಆ ಚೀಟಿಯನ್ನು ಎಡಗಡೆಯ ರಾಶಿಗೆ ಹಾಕಿದಳು. ಬಾಗಿಲಿಗೆ ಒರಗಿ ಚಹಾ ಕುಡಿಯುತ್ತಿದ್ದ ರೀಲಪ್ಪ ನಕ್ಕ ರಭಸಕ್ಕೆ ಲೋಟದಿಂದ ನಾಲ್ಕು ಹನಿ ಅಂಗಿಯ ಮೇಲೆ ಚೆಲ್ಲಿತು.

“ನನ್ನ ವಯಸ್ಸಿನವರೇ ಯಾರೋ ಇರ್ಬೇಕು. ಕೊಡೆಗೆಲ್ಲ ಜಗಳ ಆಡೋಷ್ಟು ಪುರುಸೊತ್ತು ಇನ್ಯಾರಿಗಿದೆ?”

“ಅರವತ್ತೆಂಟು ಅಂತ ಬರ್ದಿದಾರೆ. ಜೊತೆಗೆ ಬಂದ ಮಕ್ಕಳು ಅನ್ನೋ ಕಡೆ, ಇಲ್ಲ ಅಂತಿದೆ.”

“ನೋಡು ಮತ್ತೆ! ಮಕ್ಕಳ ಸಿನಿಮಾಕ್ಕೆ ಒಬ್ಬನೇ ಬಂದಿದಾನೆ ಮುದುಕ.”

“ಬೈಬೇಡಿ ಪಾಪ. ಚಿಕ್ಕೋನಿದ್ದಾಗ ಓದಿದ್ದಲ್ವಾ, ನೋಡ್ಬೇಕು ಅನ್ಸಿರುತ್ತೆ.”

ಬಿಡುಗಡೆಗೆ ಮೊದಲು ಸಿನಿಮಾಗಳನ್ನು ಆಹ್ವಾನಿತರಿಗೆ ತೋರಿಸಿ ಅವರ ಅಭಿಪ್ರಾಯ ಕೇಳುವ ಸಣ್ಣ ಚಿತ್ರಮಂದಿರ ಅದು. ಯಂತ್ರದ ಕೋಣೆಯಲ್ಲಿ ರೀಲುಗಳು ಸುತ್ತುವುದು ನಿಂತು ಎಷ್ಟೋ ವರ್ಷಗಳಾಗಿದ್ದರೂ ರೀಲಪ್ಪನ ಹೆಸರು ಮಾತ್ರ ಹಾಗೆಯೇ ಉಳಿದಿತ್ತು. ಚೀಟಕ್ಕನ ಹೆಸರಿಗೂ ಅಷ್ಟೇ ವಯಸ್ಸು. ಪಕ್ಕದ ದೊಡ್ಡ ಚಿತ್ರಮಂದಿರದ ಕೌಂಟರಿನಲ್ಲಿ ಕೂತು ಇಪ್ಪತ್ತೆರಡು ವರ್ಷ ಟಿಕೆಟ್ ಹರಿದವಳು ಅವಳು. ಟಿಕೆಟ್ಟುಗಳೆಲ್ಲ ಫೋನಿನೊಳಕ್ಕೆ ಹೋದ ಮೇಲೆ ಮಾಲೀಕರು ಅವಳನ್ನು ಇಲ್ಲಿಗೆ ಕಳಿಸಿ, ಜನ ಬರೆದುಕೊಟ್ಟ ಅಭಿಪ್ರಾಯದ ಚೀಟಿಗಳನ್ನು ಓದಿ ವಿಂಗಡಿಸುವ ಕೆಲಸ ಕೊಟ್ಟರು. ಅಂತೂ ಚೀಟಿಯ ಋಣ ಹರಿಯಲಿಲ್ಲ.

ಆವತ್ತು ಬೆಳಿಗ್ಗೆ ತೋರಿಸಿದ್ದು ‘ಮುಳ್ಳಮ್ಮನ ಮನೆ’. ಒಂದು ಕಾಲಕ್ಕೆ ಮಕ್ಕಳಿದ್ದ ಮನೆಯಲ್ಲೆಲ್ಲ ಇದ್ದ ಚಿತ್ರಗಳ ಪುಸ್ತಕ. ಈಗ ಅಚ್ಚಾಗುವುದು ನಿಂತುಹೋಗಿದೆ. ಹೊಳೆಯ ದಂಡೆಯ ಬಿಲದಲ್ಲಿ ಮಗಳು ಮುಳ್ಳಿಯೊಂದಿಗೆ ಇರುವ ಮುಳ್ಳುಹಂದಿ ಮುಳ್ಳಮ್ಮ, ಕೊಡೆ ಹಿಡಿದು ಓಡಾಡುವ ಕಪ್ಪೆ ಮೇಷ್ಟ್ರು, ಹಗಲು ಹೊತ್ತು ರೋಗಿಗಳ ಮೇಲೆಯೇ ತೂಕಡಿಸಿ ಬೀಳುವ ಗೂಬೆ ಡಾಕ್ಟರು. ಈಗ ಅವರೆಲ್ಲ ಪರದೆಯ ಮೇಲೆ ಕುಣಿಯುತ್ತ ಬಂದಿದ್ದರು. ಚೀಟಿಗಳಲ್ಲಿ ಹೊಗಳಿಕೆಯೇ ಹೆಚ್ಚು. “ಗೂಬೆ ಡಾಕ್ಟರು ನಮ್ಮ ಮಾವನ ಹಾಗೇ ಇದ್ದಾರೆ,” ಎಂದು ಯಾರೋ ಸೊಸೆ ಬರೆದಿದ್ದಳು. “ಹಾಡು ಜಾಸ್ತಿ, ಮಾತು ಕಮ್ಮಿ,” ಎಂದು ಒಬ್ಬರು. “ಮಾತು ಜಾಸ್ತಿ, ಹಾಡು ಸಾಲದು,” ಎಂದು ಬಹುಶಃ ಅವರ ಪಕ್ಕದಲ್ಲಿ ಕೂತವರು. ಅಕ್ಷರ ಬಾರದ ಮಗುವೊಂದು ಚೀಟಿಯ ತುಂಬ ಮುಳ್ಳುಗಳನ್ನು ಗೀಚಿ ಮಧ್ಯದಲ್ಲೊಂದು ಮೂಗು ಬರೆದಿತ್ತು. ಅದನ್ನು ಚೀಟಕ್ಕ ‘ಇಷ್ಟವಾಯಿತು’ ರಾಶಿಗೆ ಹಾಕಿದಳು.

ವಿಂಗಡಿಸುವುದಕ್ಕೆ ಅವಳದೇ ಒಂದು ನಿಯಮವಿತ್ತು. ಒಂದೇ ದೂರು ಮೂರು ಚೀಟಿಗಳಲ್ಲಿ ಬಂದರೆ ಅದು ವರದಿಯಲ್ಲಿ ‘ಅಂಶ’ವಾಗುತ್ತಿತ್ತು. ಒಂದೋ ಎರಡೋ ಬಂದರೆ ಕೊನೆಯಲ್ಲಿ ‘ಇತರೆ’ ಎಂಬಲ್ಲಿ ಸೇರುತ್ತಿತ್ತು. ಇತರೆಯನ್ನು ಯಾರೂ ಓದುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಲೀಕರು ಯಾಕೆ ಮೂರು ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದಳು: “ಒಬ್ರು ಹೇಳಿದ್ರೆ ಅವರಿಗೆ ಮನೇಲಿ ಏನೋ ತಾಪತ್ರಯ. ಇಬ್ರು ಹೇಳಿದ್ರೆ ಗಂಡ ಹೆಂಡ್ತಿ. ಮೂರನೆಯವರೂ ಹೇಳಿದ್ರೆ ಮಾತ್ರ ತಪ್ಪು ಸಿನಿಮಾದ್ದು.” ಮಾಲೀಕರಿಗೆ ಅದು ಎಷ್ಟು ಹಿಡಿಸಿತೆಂದರೆ, ಬಂದ ಕಂಪನಿಯವರಿಗೆಲ್ಲ ತಮ್ಮದೇ ಮಾತೆಂಬಂತೆ ಹೇಳಿಕೊಂಡು ತಿರುಗುತ್ತಿದ್ದರು.

ಸಿನಿಮಾ ತೆಗೆದ ಕಂಪನಿಯ ಹುಡುಗಿ ಎದುರಿನ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದಳು. ಇಪ್ಪತ್ತೈದರ ಆಸುಪಾಸು. ಅವಳಿಗೆ ಬೇಕಾಗಿದ್ದುದು ಒಂದೇ ವಿಷಯ.

“ಆಂಟಿ, ಆ ಕಾಯೋ ಸೀನ್ ಬಗ್ಗೆ ಎಷ್ಟಾಯ್ತು?”

ಸಿನಿಮಾ ಬೇಕಾದ್ದಕ್ಕಿಂತ ಏಳು ನಿಮಿಷ ಉದ್ದವಾಗಿತ್ತು. ಮುಳ್ಳಮ್ಮ ಹೊಳೆಯಾಚೆ ಕೆಲಸಕ್ಕೆ ಹೋದಾಗ ಮುಳ್ಳಿ ಬಿಲದ ಬಾಗಿಲಲ್ಲಿ ಕಾಯುತ್ತ ಕೂರುವ ಭಾಗವೂ ಸರಿಯಾಗಿ ಏಳು ನಿಮಿಷ. ಅದನ್ನು ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದು ಕಂಪನಿ. ಪುಸ್ತಕದ ಜೀವವೇ ಅದು ಎಂದು ನಿರ್ದೇಶಕರು. ಅವರ ಬಳಿಯೂ ಪುಸ್ತಕವಿರಲಿಲ್ಲ; ಚಿಕ್ಕಂದಿನಲ್ಲಿ ಓದಿದ ನೆನಪಷ್ಟೆ. ಕಂಪನಿಗೆ ಸಿಕ್ಕಿದ್ದು ಪುಸ್ತಕಕ್ಕೆ ಚಿತ್ರ ಬರೆದಾತನ ಮನೆಯಲ್ಲಿ ಉಳಿದಿದ್ದ ಕೆಲವು ಬಿಡಿ ಹಾಳೆಗಳು ಮಾತ್ರ.

“ಎರಡು,” ಎಂದಳು ಚೀಟಕ್ಕ. “ಒಬ್ರು ಎಳೆದಾಟ ಅಂದಿದಾರೆ. ಇನ್ನೊಬ್ರು ಮಗು ಅಳ್ತು ಅಂದಿದಾರೆ.”

“ಇನ್ನೊಂದು ಸಿಕ್ರೆ ಸಾಕು. ನಿರ್ದೇಶಕರು ಬಾಯಿ ಮುಚ್ಕೊಳ್ತಾರೆ.”

ಇನ್ನು ಹತ್ತು ಹನ್ನೆರಡು ಚೀಟಿಗಳಿದ್ದವು. ಅವುಗಳಲ್ಲಿ ಐದನೆಯದನ್ನು ಎತ್ತಿಕೊಂಡ ಚೀಟಕ್ಕ ಅದನ್ನು ಗಟ್ಟಿಯಾಗಿ ಓದಲಿಲ್ಲ.

ಹೆಸರು ಬರೆಯುವ ಪದ್ಧತಿ ಇರಲಿಲ್ಲ. ವಯಸ್ಸು ಮೂವತ್ತೆರಡು, ಜೊತೆಗೆ ಬಂದ ಮಕ್ಕಳು, ಒಂದು. ಅಕ್ಷರಗಳೆಲ್ಲ ಬಲಕ್ಕೆ ವಾಲಿದ್ದವು. ಆಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆಯ ಪಕ್ಕ ನಿಂತೇ ಬರೆದು ಬರೆದು ಹಾಗಾಗಿತ್ತು ನರ್ಸ್ ಆಗಿದ್ದ ತನ್ನ ಮಗಳ ಕೈಬರಹ. ಚೀಟಕ್ಕ ಕೊಟ್ಟಿದ್ದ ಪಾಸಿನಲ್ಲಿ ಬೆಳಿಗ್ಗೆ ಮೊಮ್ಮಗಳು ಪುಟ್ಟಿಯನ್ನು ಕರೆದುಕೊಂಡು ಬಂದಿದ್ದಳು.

“ಮೂಲ ಕಥೆಯಲ್ಲಿ ಇಲ್ಲದ್ದನ್ನು ತುರುಕಿದ್ದೀರಿ. ನಮ್ಮಮ್ಮ ನನಗೆ ಈ ಪುಸ್ತಕವನ್ನು ನೂರಾರು ಸಲ ಓದಿದ್ದಾಳೆ, ನನಗೆ ಬಾಯಿಪಾಠ ಇದೆ. ಅದರಲ್ಲಿ ಮುಳ್ಳಿ ಕಾಯುವುದೇ ಇಲ್ಲ. ಮುಳ್ಳಮ್ಮ ಹೋಗುತ್ತಾಳೆ, ಪುಟ ತಿರುಗಿಸಿದರೆ ಬಂದಿರುತ್ತಾಳೆ. ಮಕ್ಕಳನ್ನು ಅಳಿಸುವುದಕ್ಕೋಸ್ಕರ ಕಥೆಯನ್ನು ಕೆಡಿಸಬೇಡಿ. ಪುಸ್ತಕದಲ್ಲಿ ಇದ್ದ ಹಾಗೆ ಇರಲಿ.”

ಚೀಟಕ್ಕ ಅದನ್ನು ಎರಡು ಸಲ ಓದಿದಳು. ಕಿವಿಯ ತುದಿ ಬಿಸಿಯಾಯಿತು.

ಮಗಳಿಗೆ ಆಗ ನಾಲ್ಕು ವರ್ಷ. ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಸಂಜೆ ಆರೂವರೆಯ ಆಟಕ್ಕೆ ಕೌಂಟರು ತೆಗೆಯಬೇಕಾದರೆ ಐದೂಮುಕ್ಕಾಲರ ಬಸ್ಸು ಹಿಡಿಯಲೇಬೇಕು. ಮಗುವನ್ನು ಪಕ್ಕದ ಮನೆಯ ದರ್ಜಿ ಅಜ್ಜಿಯ ಬಳಿ ಬಿಡುವ ಮೊದಲು ಒಂದು ಕಥೆ ಹೇಳಬೇಕು. ಅದು ಅವರಿಬ್ಬರ ಕರಾರು. ಕಥೆ ಹೇಳದಿದ್ದರೆ ಮಗು ಬಾಗಿಲು ಬಿಡುತ್ತಿರಲಿಲ್ಲ. ಬಾಯಿಕಥೆಗಳೆಲ್ಲ ಖಾಲಿಯಾದಾಗ ರಸ್ತೆಬದಿಯ ಹಳೇ ಪುಸ್ತಕದವನ ಬಳಿ ಸಿಕ್ಕಿದ್ದು ‘ಮುಳ್ಳಮ್ಮನ ಮನೆ’. ಒಂದು ಆಟಕ್ಕೂ ಇನ್ನೊಂದು ಆಟಕ್ಕೂ ನಡುವೆ ಕೌಂಟರಿನಲ್ಲೇ ಕೂತು ಅವಳು ಅದನ್ನು ಮೊದಲು ತಾನೊಬ್ಬಳೇ ಓದಿದಳು. ‘ಹೀಗೆ ಹೋಗಿ ಹಾಗೆ ಬಂದೆ ಮಗಳೇ,’ ಎಂದು ಮುಳ್ಳಮ್ಮ ಹೊಳೆ ದಾಟುವ ತನಕ ಚೆನ್ನಾಗಿಯೇ ಇತ್ತು. ಆಮೇಲೆ ಎಂಟು ಪುಟ. ಪುಟಕ್ಕೊಬ್ಬರು ಬಿಲದ ಮುಂದೆ ಹಾದುಹೋಗುತ್ತಾರೆ. ಒಬ್ಬೊಬ್ಬರನ್ನೂ ಮುಳ್ಳಿ ಕೇಳುತ್ತದೆ: ‘ನಮ್ಮಮ್ಮನ್ನ ನೋಡಿದ್ರಾ?’ ಪ್ರತಿ ಪುಟದಲ್ಲೂ ಆಕಾಶದ ಬಣ್ಣ ಒಂದಿಷ್ಟು ಕಪ್ಪಾಗುತ್ತದೆ.

ಇದನ್ನು ಓದಿ ಹೇಳಿ ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಡುವುದು ಹೇಗೆ? ಕೌಂಟರಿನ ಮೇಲೆ ಸ್ಟೇಪ್ಲರ್ ಇತ್ತು. ಐದು ಹಾಳೆಗಳನ್ನು ಸೇರಿಸಿ ಅಂಚಿಗೆ ಮೂರು ಪಿನ್ ಹೊಡೆದಳು. ಎಂಟು ಪುಟ ಒಂದು ದಪ್ಪ ಹಾಳೆಯೊಳಗೆ ಅಡಗಿದವು. ‘ಹೀಗೆ ಹೋಗಿ ಹಾಗೆ ಬಂದೆ’ ಎನ್ನುವ ಮುಳ್ಳಮ್ಮ ಪುಟ ತಿರುಗಿಸಿದ ಕೂಡಲೇ ನಿಜಕ್ಕೂ ಬಂದುಬಿಡುತ್ತಿದ್ದಳು, ‘ಬಂದೆ ಕಣೇ!’ ಎಂದು. ಕಥೆಗೆ ಎಲ್ಲೂ ಊನವಾದಂತೆ ಕಾಣಲಿಲ್ಲ.

“ಈ ಹಾಳೆ ಯಾಕಮ್ಮ ದಪ್ಪ?” ಎಂದು ಮಗು ಒಂದು ದಿನ ಕೇಳಿತ್ತು.

“ರಟ್ಟು ಕಣೇ. ಪುಸ್ತಕ ಬಾಗದೆ ಇರ್ಲಿ ಅಂತ ಹಾಕಿರ್ತಾರೆ.”

ಮಗಳು ಅಕ್ಷರ ಕೂಡಿಸಿ ಓದಲು ಕಲಿಯುವ ಹೊತ್ತಿಗೆ ಚೀಟಕ್ಕ ಆ ಪುಸ್ತಕವನ್ನು ಯಾರದೋ ಮನೆಯ ಮಗುವಿಗೆ ಕೊಟ್ಟುಬಿಟ್ಟಳು. ಕಳೆದುಹೋಯಿತು ಎಂದಳು. ಮಗಳು ಮನೆಯೆಲ್ಲ ಹುಡುಕಿದ್ದಳು, ಮಂಚದ ಕೆಳಗೆ ಟಾರ್ಚು ಬಿಟ್ಟುಕೊಂಡು.

“ಏನಾಯ್ತು ಆಂಟಿ? ಕೈ ನಿಂತುಬಿಡ್ತು?” ಕಂಪನಿಯ ಹುಡುಗಿ ಎದ್ದು ಬಂದಳು.

ಅದನ್ನು ಮಡಚಿ ಇತರೆಯ ಕೆಳಗೆ ತಳ್ಳಬಹುದಿತ್ತು. ಆದರೆ ಇಷ್ಟು ವರ್ಷ ಒಂದು ಚೀಟಿಯನ್ನೂ ಆಚೀಚೆ ಮಾಡದವಳ ಬಾಯಿ ಮನಸ್ಸಿಗಿಂತ ಮೊದಲು ಮಾತಾಡಿಬಿಟ್ಟಿತು. “ಮೂರಾಯ್ತು,” ಎಂದಳು.

ಹುಡುಗಿ ಚೀಟಿ ತೆಗೆದುಕೊಂಡು ಓದಿದಳು. ಓದುತ್ತ ಓದುತ್ತ ಅವಳ ಮುಖ ಅರಳಿತು. “ಅಯ್ಯೋ, ಇದು ಒಂದೇ ಹತ್ತು ಚೀಟಿಗೆ ಸಮ! ಮೂಲದಲ್ಲೇ ಇಲ್ವಂತೆ! ನಮ್ಮ ನಿರ್ದೇಶಕರು ಎದೆ ತಟ್ಕೊಂಡು ಇದೆ ಇದೆ ಅಂತಿದ್ರು.” ಚೀಟಿಯನ್ನು ಮೇಜಿನ ಮೇಲಿಟ್ಟು ಫೋನಿನಲ್ಲಿ ಅದರ ಚಿತ್ರ ತೆಗೆದಳು. ಆಮೇಲೆ ಏನೋ ಹೊಳೆದಂತೆ ತಲೆಯೆತ್ತಿದಳು. “ಆಂಟಿ, ನಿಮ್ಮ ಕಾಲದ ಪುಸ್ತಕ ಅಲ್ವಾ ಇದು? ನೀವು ಓದಿದ್ದೀರಾ? ಇತ್ತಾ ಈ ಭಾಗ?”

ರೀಲಪ್ಪ ಖಾಲಿ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಇತ್ತು ಎಂದರೆ, ಹಾಗಾದರೆ ಈ ತಾಯಿ ಯಾರು, ಹೀಗ್ಯಾಕೆ ಓದಿದಳು ಎಂದು ಕೇಳುತ್ತಾರೆ. ಯಾರೂ ಕೇಳಲಿಕ್ಕಿಲ್ಲ, ಅಷ್ಟು ಪುರುಸೊತ್ತು ಯಾರಿಗೂ ಇಲ್ಲ. ಅವಳಿಗೆ ಮಾತ್ರ ಕೇಳಿಯೇ ಕೇಳುತ್ತಾರೆ ಎನ್ನಿಸಿತು.

“ತುಂಬಾ ವರ್ಷ ಆಯ್ತಲ್ಲ,” ಎಂದಳು. “ಸರಿಯಾಗಿ ನೆನಪಿಲ್ಲ.”

ಹುಡುಗಿ ಫೋನು ಒತ್ತಿದಳು. ಚಿತ್ರ ಹೋಯಿತು.

ಹೊರಗಿನ ಹಾಲಿನಲ್ಲಿ ಮಗಳು ಉದ್ದನೆಯ ಬೆಂಚಿನ ಮೇಲೆ ಚಪ್ಪಲಿ ಬಿಚ್ಚಿ ಕಾಲು ನೀಡಿ ಕೂತಿದ್ದಳು. ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದವಳು. ಕಣ್ಣ ಕೆಳಗೆ ನಿದ್ದೆ ಕಪ್ಪಾಗಿ ಕೂತಿತ್ತು. ಊಟದ ಬಿಡುವಿನಲ್ಲಿ ಮೂವರೂ ಒಟ್ಟಿಗೆ ಊಟ ಮಾಡುವುದೆಂದು ಮಾತಾಗಿತ್ತು. ಐದು ವರ್ಷದ ಪುಟ್ಟಿ ಗೋಡೆಗೆ ಒರಗಿಸಿದ್ದ ರಟ್ಟಿನ ಕಪ್ಪೆ ಮೇಷ್ಟ್ರ ಎತ್ತರಕ್ಕೆ ತನ್ನ ಎತ್ತರ ಅಳೆಯುತ್ತಿದ್ದಳು.

“ಅಜ್ಜಿ, ನಾನು ಮೇಷ್ಟ್ರ ಹೊಟ್ಟೆ ತನಕ ಬರ್ತೀನಿ!”

“ಹೂಂ ಪುಟ್ಟಿ. ಇನ್ನೊಂದು ಸಲ ಅಳೆದು ನೋಡು, ಭುಜದ ತನಕ ಬಂದಿರ್ತೀಯ.” ಚೀಟಕ್ಕ ಮಗಳ ಪಕ್ಕ ಕೂತಳು. “ನಿನ್ನ ಚೀಟಿ ಓದ್ದೆ.”

“ಗುರುತು ಸಿಕ್ತಾ?” ಮಗಳು ಕಣ್ಣು ಮುಚ್ಚಿಕೊಂಡೇ ನಕ್ಕಳು. “ಚೆನ್ನಾಗಿ ಝಾಡಿಸಿದೀನಿ ಅಲ್ವಾ? ಏನಮ್ಮ ಅದು, ಆ ಮುಳ್ಳಿ ಹಾಗೆ ಕೂತು ಅಳೋದು! ಪುಟ್ಟಿ ತುಟಿ ನಡುಗಕ್ಕೆ ಶುರುವಾಯ್ತು, ಎತ್ಕೊಂಡು ಆಚೆ ಬಂದ್ಬಿಟ್ಟೆ. ಬಾಗಿಲ ಸಂದೀಲಿ ಇಣುಕ್ತಾನೇ ಇದ್ದೆ, ಮುಗಿಯೋದೇ ಇಲ್ಲ. ನೀನು ಓದ್ತಾ ಇದ್ದಿದ್ದೇ ಚೆನ್ನಾಗಿತ್ತು.”

“ನಾನು ಓದ್ತಾ ಇದ್ದಿದ್ದು ಪೂರ್ತಿ ಪುಸ್ತಕ ಅಲ್ಲ ಕಣೇ.”

ಮಗಳು ಒಂದು ಕಣ್ಣು ತೆರೆದಳು.

“ಮಧ್ಯ ಎಂಟು ಪುಟ ಪಿನ್ ಹೊಡೆದಿದ್ದೆ. ಆ ದಪ್ಪ ಹಾಳೆ ಇತ್ತಲ್ಲ. ಅದು ರಟ್ಟಲ್ಲ.”

ಮಗಳು ಬೆಂಚು ಅಲುಗಾಡುವಂತೆ ನಗತೊಡಗಿದಳು. “ಅಯ್ಯೋ ಕಳ್ಳಿ! ನಾನು ಸ್ಕೂಲಲ್ಲಿ ಒಬ್ಬಳ ಜೊತೆ ಇದೇ ವಿಷಯಕ್ಕೆ ಜುಟ್ಟು ಹಿಡಿದು ಜಗಳ ಆಡಿದೀನಿ, ಗೊತ್ತಾ? ಅವಳು ಮುಳ್ಳಿ ಕಾಯುತ್ತೆ ಅಂತಾಳೆ, ನಾನು ನಮ್ಮಮ್ಮ ಸುಳ್ಳು ಓದ್ತಾಳಾ ಅಂತೀನಿ.” ನಗು ತಾನಾಗಿ ತಗ್ಗಿ ನಿಂತಿತು. ಮಗಳು ಕಾಲು ಮಡಚಿಕೊಂಡು ನೆಟ್ಟಗೆ ಕೂತಳು. “ಅಂದ್ರೆ ಪುಸ್ತಕದಲ್ಲೂ ಮುಳ್ಳಿ ಕಾದಿತ್ತಾ?”

“ಕಾದಿತ್ತು. ಕತ್ತಲಾಗೋ ತನಕ.”

“ನಿಂಗೆ ಬಸ್ಸಿಗೆ ಹೊತ್ತಾಗ್ತಿತ್ತು ಅಂತ ಪಿನ್ ಹೊಡೆದ್ಯಾ?”

ಹೌದು ಎನ್ನುವುದು ಸುಲಭವಿತ್ತು. “ಹೊತ್ತಿಗಲ್ಲ,” ಎಂದಳು ಚೀಟಕ್ಕ. “ನೀನು ಅದನ್ನ ಕೇಳೋದು ಬೇಡ ಅನ್ನಿಸ್ತು. ಕೇಳಿದ್ರೆ ನಾನು ಹೊರಡೋಕೆ ಆಗ್ತಿರ್ಲಿಲ್ಲ.”

ಪುಟ್ಟಿ ಈಗ ಮೇಷ್ಟ್ರ ಕೆಂಪು ಕೊಡೆಯ ಕೆಳಗೆ ನಿಂತು ಮಳೆ ಬರುತ್ತಿದೆಯೇ ಎಂದು ಅಂಗೈ ಚಾಚಿ ನೋಡುತ್ತಿದ್ದಳು. ಮಗಳು ಅವಳನ್ನೇ ನೋಡುತ್ತ ಮೆಲ್ಲಗೆ ಮಾತಾಡಿದಳು. ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಚೀಟಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

“ದರ್ಜಿ ಅಜ್ಜಿ ಮನೆ ಕಿಟಕೀಲಿ ಕೂತಿರ್ತಿದ್ನಲ್ಲ ಅಮ್ಮ, ಮಿಷನ್ ಪಕ್ಕ. ಬಸ್ಸು ಬಂದಾಗೆಲ್ಲ ಇಳಿಯೋರನ್ನ ನೋಡ್ತಿದ್ದೆ. ಕಥೇಲಿ ಮುಳ್ಳಮ್ಮ ತಕ್ಷಣ ಬರ್ತಾಳೆ. ನಮ್ಮಮ್ಮ ಮಾತ್ರ ಯಾಕೆ ಬರಲ್ಲ? ನಾನೇ ಏನೋ ತಪ್ಪು ಮಾಡಿದೀನಿ ಅಂದ್ಕೊಂಡಿದ್ದೆ. ಒಳ್ಳೆ ಮಕ್ಕಳ ಅಮ್ಮಂದಿರು ಬೇಗ ಬರ್ತಾರೆ, ನಂಗೆ ಇದು ಶಿಕ್ಷೆ ಅಂತ. ಅದಕ್ಕೇ ಮಾರನೇ ದಿನ ಒಳ್ಳೇಳಾಗಿ ಇರ್ತಿದ್ದೆ. ತಟ್ಟೇಲಿ ಒಂದಗುಳು ಬಿಡದೆ ತಿಂತಿದ್ದೆ. ಆದ್ರೂ ನೀನು ರಾತ್ರಿ ಹತ್ತು ಗಂಟೆಗೇ ಬರ್ತಿದ್ದೆ.”

ಚೀಟಕ್ಕನಿಗೆ ಆ ಖಾಲಿ ತಟ್ಟೆಗಳು ನೆನಪಿದ್ದವು. ಎಷ್ಟು ಜಾಣೆ ನಿನ್ನ ಮಗಳು, ಒಂದು ಚೂರೂ ಹಟ ಇಲ್ಲ ಎಂದು ದರ್ಜಿ ಅಜ್ಜಿ ಹೊಗಳುತ್ತಿದ್ದುದೂ ನೆನಪಿತ್ತು. ಅದನ್ನು ಅವಳು ಕೌಂಟರಿನ ಗೆಳತಿಯರಿಗೆಲ್ಲ ಹೇಳಿಕೊಂಡು ಬೀಗಿದ್ದಳು.

“ಆ ಹುಡುಗಿಗೆ ಹೇಳಿದ್ಯಾ? ಅದು ಪುಸ್ತಕದಲ್ಲಿ ಇದೆ ಅಂತ?”

“ಕೇಳಿದ್ಲು. ನೆನಪಿಲ್ಲ ಅಂದೆ.”

“ಅಮ್ಮಾ!” ಮಗಳು ಅವಳ ತೋಳಿಗೆ ಮೆಲ್ಲಗೆ ತಟ್ಟಿದಳು, ಹಟ ಮಾಡುವ ರೋಗಿಯನ್ನು ಎಬ್ಬಿಸುವಂತೆ. “ಏಳು, ಹೋಗಿ ಹೇಳು. ನಾನು ಬರ್ದಿದ್ದು ಸುಳ್ಳು ಅಂತ ಹೇಳು.”

ಚೀಟಕ್ಕ ಹೋದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು: ಪುಸ್ತಕ, ಸ್ಟೇಪ್ಲರ್, ಮೂರು ಪಿನ್, ಬರೆದವಳು ತನ್ನ ಮಗಳು. ಕಂಪನಿಯ ಹುಡುಗಿ ಲ್ಯಾಪ್‌ಟಾಪ್ ಮುಚ್ಚಿ ಗೌರವದಿಂದಲೇ ಕೇಳಿಸಿಕೊಂಡಳು.

“ಎಂಥಾ ಸ್ವೀಟ್ ಕಥೆ ಆಂಟಿ ಇದು,” ಎಂದಳು. “ಆದ್ರೆ ಏನ್ ಮಾಡ್ಲಿ? ಈಗಷ್ಟೇ ಫೋನ್ ಬಂತು, ಕತ್ತರಿಸೋದು ಅಂತ ತೀರ್ಮಾನ ಆಯ್ತು. ಪುಸ್ತಕದಲ್ಲಿ ಇದ್ರೂ ಇಲ್ದಿದ್ರೂ ಮೂರು ಜನಕ್ಕೆ ಬೇಡ ಅನ್ಸಿದೆ ಅಲ್ವಾ? ಮೂರು ಅನ್ನೋದು ನಿಮ್ಮದೇ ರೂಲ್ ಅಂತೆ. ನಿಮ್ಮ ಮಾಲೀಕರು ಬೆಳಿಗ್ಗೆ ಹೇಳ್ತಾ ಇದ್ರು.”

“ಒಂದನ್ನ ವಾಪಸ್ ತಗೋತೀನಿ ಅಂದ್ರೆ?”

“ನಿರ್ದೇಶಕರೇ ಒಪ್ಕೊಂಡ್ರಂತೆ ಆಂಟಿ. ನಂಗೇ ತಪ್ಪು ನೆನಪಿರ್ಬೇಕು ಅಂದ್ರಂತೆ.” ಹುಡುಗಿ ಅವಳ ಮುಖ ನೋಡಿ ದನಿ ತಗ್ಗಿಸಿದಳು. “ಬೇಜಾರ್ ಮಾಡ್ಕೋಬೇಡಿ. ಮಧ್ಯಾಹ್ನದ ಆಟಕ್ಕೆ ಹಾಗೇ ಇರುತ್ತೆ. ನಾಳೆಯಿಂದಷ್ಟೇ.”

ಮಧ್ಯಾಹ್ನದ ಆಟಕ್ಕೆ ಚೀಟಿ ಕೊಡುವುದಿಲ್ಲ. ಅದು ಸಿಬ್ಬಂದಿಯ ಮನೆಯವರಿಗೆ, ಬೇಕಾದವರು ಬಂದು ಕೂರಬಹುದು. ಊಟ ಮುಗಿಸಿ ಮಗಳು ಮನೆಗೆ ಹೋಗಿ ಮಲಗುತ್ತಾಳೆ ಎಂದುಕೊಂಡಿದ್ದ ಚೀಟಕ್ಕ, ಅವಳು ಪುಟ್ಟಿಯ ಕೈ ಹಿಡಿದು ಮತ್ತೆ ಒಳಗೆ ಹೋಗುವುದನ್ನು ನೋಡಿದಳು.

“ಅವರಿಬ್ರಿಗೂ ಬೆಳಿಗ್ಗೆ ನೋಡಿದ್ದು ಸಾಲ್ಲಿಲ್ವೇನು?” ಎಂದ ರೀಲಪ್ಪ, ಯಂತ್ರದ ಕೋಣೆಯ ಮೆಟ್ಟಿಲು ಹತ್ತುತ್ತ.

“ಸ್ವಲ್ಪ ಬಿಟ್ಟುಹೋಗಿತ್ತಂತೆ,” ಎಂದಳು ಅವಳು.

ವರದಿ ಟೈಪು ಮಾಡುವುದಿತ್ತು. ಮಾಡಿದಳು. ಅಂಶ ಒಂದು: ಮುಳ್ಳಿ ಕಾಯುವ ಭಾಗ, ಮೂರು ಚೀಟಿ. ಕೊಡೆಯ ಬಣ್ಣ ಇತರೆಗೆ ಹೋಯಿತು. ಕಾಗದಗಳನ್ನು ಮೇಜಿನ ಮೇಲೆ ಬಿಟ್ಟು ಒಳಗೆ ಹೋಗಿ, ಕೊನೆಯ ಸಾಲಿನ ಹಿಂದೆ ಬಾಗಿಲ ಪರದೆಯ ಪಕ್ಕ ನಿಂತಳು.

ಮುಳ್ಳಮ್ಮ ಆಗಲೇ ಹೊಳೆ ದಾಟಿಯಾಗಿತ್ತು. ಬಿಲದ ಬಾಗಿಲಲ್ಲಿ ಮುಳ್ಳಿ ಕೂತಿತ್ತು. ಕಾಗೆಯೊಂದು ಹೋಯಿತು. ಕಪ್ಪೆ ಮೇಷ್ಟ್ರು ಹೋದರು. ಒಬ್ಬೊಬ್ಬರು ಹೋದಾಗಲೂ ಅದೇ ಮಾತು. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಬಾಯಿಬಿಟ್ಟು ಓದದ ಆ ಪುಟಗಳ ಒಂದೊಂದು ಸಾಲೂ ತನಗೆ ಗೊತ್ತಿರುವುದು ಚೀಟಕ್ಕನಿಗೆ ಆಶ್ಚರ್ಯವೆನಿಸಿತು. ಮುಳ್ಳಿ ಕೇಳುವ ಮೊದಲೇ ಅವಳ ತುಟಿ ಅಲುಗುತ್ತಿತ್ತು.

ಮಧ್ಯದ ಸಾಲಿನಲ್ಲಿ ಎರಡು ತಲೆಗಳಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಪರದೆಯ ಆಕಾಶ ಕಪ್ಪಾದಂತೆ ಅವೂ ಕಪ್ಪಾದವು. ಚಿಕ್ಕದು ಒಮ್ಮೆ ದೊಡ್ಡದರ ಕಡೆಗೆ ತಿರುಗಿತು.

“ಅಮ್ಮ, ಇನ್ನೂ ಬಂದಿಲ್ವಾ?” ಪುಟ್ಟಿಯ ದನಿ ಇಡೀ ಹಾಲಿಗೆ ಕೇಳಿಸಿತು. ಮುಂದಿನ ಸಾಲಿನಿಂದ ಯಾರೋ ಶ್ ಎಂದರು.

ಮಗಳು ಮೇಲೇಳಲಿಲ್ಲ.

“ಇಲ್ಲ,” ಎಂದಳು. “ನೋಡು, ಕೂತಿದೆ.”